ಸೋಂಕಿನ ಬಿಕ್ಕಟ್ಟಿನಲ್ಲಿ ಸರ್ಕಾರಿ ಆರೋಗ್ಯ ವ್ಯವಸ್ಥೆ ಗಟ್ಟಿಯಾಗುವುದು ಹೇಗೆ?

ಕೇರಳದ ನಿಫಾ ನೋಡಿ; ಬಾವಲಿಗಳಿಂದ ಮನುಷ್ಯರಿಗೆ ಬರುವ ಮಾರಕ ವೈರಸ್ ಸೋಂಕು ಅದು. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್‌ನಲ್ಲಿ ಅದು ಹೆಚ್ಚಾಗಿ ಹರಡಿದ್ದು ಆಸ್ಪತ್ರೆಗಳೊಳಗೇ. ಸ್ಕ್ಯಾನಿಂಗ್‌ಗೆ ತಂದ ರೋಗಿಯಿಂದ ಮೆಡಿಕಲ್ ಕಾಲೇಜಿನ ಕಾರಿಡಾರಿನಲ್ಲಿ ಇದ್ದವರಿಗೂ ತಗುಲಿತು. ರೋಗಿಯ ಆರೈಕೆ ಮಾಡಿದ ಪೇರಾಂಬ್ರದ ನರ್ಸ್ ಲಿನಿ ಉಳಿಯಲಿಲ್ಲ. ವೈರಸ್ಸನ್ನು ಮೊದಲು ಪತ್ತೆಹಚ್ಚಿದ್ದು ನಮ್ಮ ಮಣಿಪಾಲದ ಲ್ಯಾಬ್, ದೃಢಪಡಿಸಿದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ).

ನನ್ನ ಪ್ರಕಾರ ನಿಜವಾದ ಕೆಲಸ ಶುರುವಾದದ್ದು ಸೋಂಕು ಇಳಿದ ಮೇಲೆ. ಸಾಮಾನ್ಯವಾಗಿ ಆಗ ಫೈಲು ಮುಚ್ಚಿಬಿಡುತ್ತಾರೆ! ಅಲ್ಲಿ ಹಾಗಾಗಲಿಲ್ಲ; ಶಂಕಿತರನ್ನು ಪ್ರತ್ಯೇಕಿಸುವ, ಸಂಪರ್ಕಕ್ಕೆ ಬಂದವರನ್ನು ಹುಡುಕಿ ನಿಗಾ ಇಡುವ ಕ್ರಮ ಕೈಗೆ ರೂಢಿಯಾಗಿತ್ತು. 2019ರಲ್ಲಿ ಎರ್ನಾಕುಲಂನಲ್ಲಿ ವಿದ್ಯಾರ್ಥಿಯೊಬ್ಬನಿಗೆ ನಿಫಾ ಬಂತು. ಆತ ಗುಣವಾದ, ಬೇರೆ ಯಾರಿಗೂ ಹರಡಲಿಲ್ಲ. ಮರುವರ್ಷ ಕೋವಿಡ್ ಬಂದಾಗಲೂ ಇದೇ ಅಭ್ಯಾಸ ನೆರವಿಗೆ ಬಂತು.