ನಾನು ಯಾರ ಜೊತೆ ಯುದ್ಧ ಮಾಡಲಿ?

ಪ್ರಶ್ನೆ: ನನ್ನ ಮಗಳು ನಾಲ್ಕನೇ ತರಗತಿಯಲ್ಲಿ ಓದುತ್ತಿದ್ದಾಳೆ. ರಾಜಕುಮಾರ ಬಂದು ಬಿಡಿಸುವವರೆಗೆ ಕಾಯುತ್ತ ಕೂರುವ ರಾಜಕುಮಾರಿಯರ ಕಥೆಗಳು ಸಾಕೆನಿಸಿ, ಕಿತ್ತೂರು ಚೆನ್ನಮ್ಮನನ್ನು ಕುರಿತ ಪುಸ್ತಕವೊಂದನ್ನು ತಂದುಕೊಟ್ಟೆ. ಓದಿ ಮುಗಿಸಿದವಳು, "ಅಮ್ಮಾ, ನಾನು ಯಾರ ಜೊತೆ ಯುದ್ಧ ಮಾಡಲಿ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಗಟ್ಟಿ ಮನಸ್ಸಿನ ಹುಡುಗಿಯರಿರುವ ಪುಸ್ತಕಗಳನ್ನು ಆರಿಸುವುದು ಹೇಗೆ?
— ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಮಗಳು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಚೆನ್ನಮ್ಮನ ಪುಸ್ತಕವನ್ನು ಬದಿಗಿಡಬೇಡಿ. ಆದರೆ ಕತ್ತಿ ಹಿಡಿದ ಚಿತ್ರದಿಂದ ಸ್ವಲ್ಪ ಹಿಂದಕ್ಕೆ ಹೋಗಿ, ಸಂಸ್ಥಾನದ ದತ್ತು ಉತ್ತರಾಧಿಕಾರಿಯನ್ನು ಕಂಪನಿ ಸರ್ಕಾರ ಒಪ್ಪದೆ ಹೋದಾಗ ಆಕೆ ಬಗ್ಗಲಿಲ್ಲವೆಂಬುದನ್ನೂ, 1824ರ ಅಕ್ಟೋಬರ್‌ನ ಕಾಳಗ ನಡೆದದ್ದು ಆ ತೀರ್ಮಾನದಿಂದಲೇ ಎಂಬುದನ್ನೂ ಮಗುವಿಗೆ ಹೇಳಿ. ಅನ್ಯಾಯವನ್ನು ಒಪ್ಪಲಾರೆ ಎನ್ನುವುದಕ್ಕೆ ಕುದುರೆಯೂ ಬೇಡ, ಕೋಟೆಯೂ ಬೇಡ. ಒಂಬತ್ತು ವರ್ಷದವಳಿಗೆ ಅದು ಅರ್ಥವಾಗುತ್ತದೆ.

ಇದರ ಜೊತೆಗೆ ಅವಳದೇ ವಯಸ್ಸಿನ, ಅವಳದೇ ಅಳತೆಯ ನಾಯಕಿಯೂ ಬೇಕು. ಜಪಾನಿನ ತೆತ್ಸುಕೊ ಕುರೊಯಾನಗಿ ತಮ್ಮ ಬಾಲ್ಯವನ್ನು ಬರೆದಿರುವ 'ತೊತ್ತೋ ಚಾನ್' ಕನ್ನಡದಲ್ಲಿಯೂ ಇದೆ. ಮೊದಲ ಶಾಲೆಯಿಂದ ಹೊರಹಾಕಿಸಿಕೊಂಡ ಈ ಹುಡುಗಿ ರೈಲಿನ ಬೋಗಿಗಳೇ ತರಗತಿಗಳಾಗಿರುವ ಇನ್ನೊಂದು ಶಾಲೆಗೆ ಸೇರುತ್ತಾಳೆ. ಅಲ್ಲಿ ಪೋಲಿಯೊದಿಂದ ಕೈಕಾಲು ಸ್ವಾಧೀನವಿಲ್ಲದ ಗೆಳೆಯನನ್ನು ತನ್ನ ಮರಕ್ಕೆ ಹತ್ತಿಸಲೇಬೇಕೆಂದು ಹಟ ಹಿಡಿದು, ಮನೆಯಲ್ಲಿ ನಿಜ ಹೇಳದೆ ಬಂದು, ಒಂದು ಏಣಿ ಸಾಲದಾದಾಗ ಇನ್ನೊಂದನ್ನು ಎಳೆದು ತಂದು, ಬೆವರಿಳಿಸಿಕೊಂಡು ಅವನನ್ನು ಮೇಲಕ್ಕೆ ಎಳೆದುಕೊಳ್ಳುತ್ತಾಳೆ. ಧೈರ್ಯವೆಂದರೆ ಏನೆಂದು ವಿವರಿಸಲು ನನಗೆ ಇದಕ್ಕಿಂತ ಒಳ್ಳೆಯ ಪ್ರಸಂಗ ಗೊತ್ತಿಲ್ಲ. ಅವಳು ಸುಳ್ಳು ಹೇಳಿದ್ದು ಸರಿಯೇ ಎಂದು ಮಗಳು ಕೇಳಿದರೆ, ಅವಳೊಡನೆ ಕುಳಿತು ಮಾತನಾಡಿ. ತಪ್ಪನ್ನೇ ಮಾಡದ ನಾಯಕಿಯನ್ನು ಮಕ್ಕಳು ಮೆಚ್ಚಬಹುದು, ಗೆಳತಿಯೆಂದು ಹಚ್ಚಿಕೊಳ್ಳುವುದಿಲ್ಲ.

ನಮ್ಮ ನೆಲದ್ದೇ ಬೇಕೆಂದರೆ, ಅಜ್ಜಿಗೆ ಓದು ಕಲಿಸಿದ ಹುಡುಗಿಯ ಬಗ್ಗೆ ಸುಧಾ ಮೂರ್ತಿಯವರು ಬರೆದ ಕಥೆಯಿದೆ. 'ಕರ್ಮವೀರ' ವಾರಪತ್ರಿಕೆಯಲ್ಲಿ ಬರುತ್ತಿದ್ದ ತ್ರಿವೇಣಿಯವರ 'ಕಾಶಿಯಾತ್ರೆ' ಕಾದಂಬರಿಯನ್ನು ತಾನೇ ಓದಲಾರದೆ ಹೋದ ನೋವಿನಿಂದ, 62ರ ವಯಸ್ಸಿನಲ್ಲಿ ಅಕ್ಷರ ಕಲಿಯಲು ಹೊರಟ ಆ ಅಜ್ಜಿಯೂ ನನ್ನ ಲೆಕ್ಕದಲ್ಲಿ ನಾಯಕಿಯೇ.

ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡಾಗ ಮುಖಪುಟವನ್ನು ನಂಬದೆ ನಡುವಿನ ನಾಲ್ಕು ಪುಟಗಳನ್ನು ಓದಿ, ಹುಡುಗಿಗೆ ಯಾವ ಕ್ರಿಯಾಪದಗಳು ಬಂದಿವೆ ಎಂದು ಗಮನಿಸಿ. ಅವಳು ಕೇಳುತ್ತಾಳೆಯೇ, ಹುಡುಕುತ್ತಾಳೆಯೇ, ನಿರಾಕರಿಸುತ್ತಾಳೆಯೇ, ಅಥವಾ ಅತ್ತು, ಹೆದರಿ, ಯಾರಿಂದಲೋ ಉಳಿಸಲ್ಪಡುತ್ತಾಳೆಯೇ? ಚಿತ್ರಗಳಲ್ಲಿ ಅಮ್ಮನ ಕೈಯಲ್ಲಿ ಸದಾ ಸೌಟೇ ಇದ್ದರೆ ಅದನ್ನೂ ಗಮನಿಸಿ. ಹಣದ ಅಡಚಣೆಯಿದ್ದರೆ, ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಉಚಿತವಾಗಿ ಓದಿಸಬಹುದು.

ನಾಜಿಗಳಿಂದ ಅಡಗಿ ಬದುಕಿದ ಯಹೂದಿ ಹುಡುಗಿ ಆನ್ ಫ್ರಾಂಕ್‌ಳ ದಿನಚರಿಯನ್ನು ಮಾತ್ರ ಈಗಲೇ ಕೊಡಬೇಡಿ. ಅದು ಹದಿಮೂರರ ಹುಡುಗಿ ಬರೆಯಲು ತೊಡಗಿದ ಪುಸ್ತಕ. ನಿಮ್ಮ ಮಗಳಿಗೂ ಆ ವಯಸ್ಸಾಗಲಿ. ಅಲ್ಲಿಯವರೆಗೆ 'ತೊತ್ತೋ ಚಾನ್' ಓದಿಸಿ, ಮನೆಯಲ್ಲಿ ಗಂಡುಮಗನಿದ್ದರೆ ಅವನ ಕೈಗೂ ಕೊಡಿ.