ಎಕೋ ನಿಲ್ಲವಲ್ದು, ಏನ್ ಮಾಡ್ಲಿ?

ಈ ಸಲ ಬಂದ ಪ್ರಶ್ನೆಯೊಳಗ ಮೂರು ಒಂದ ವಿಷಯದ ಸುತ್ತ ಅದಾವ, ಫೌಸ್ಟ್ ಅನ್ನೋ ಆಡಿಯೋ ಪ್ರೋಗ್ರಾಮಿಂಗ್ ಭಾಷೆ. ಗೊತ್ತಿಲ್ದವರಿಗೆ ಎರಡು ಮಾತು ಹೇಳಿ ಮುಂದ ಹೋಗ್ತೇನಿ. ಇದು ಫ್ರಾನ್ಸಿನ ಲಿಯೋಂ ಊರಾಗ ಗ್ರಾಮ್ ಅನ್ನೋ ಸಂಗೀತ ಕೇಂದ್ರದಾಗ 2002ರಾಗ ಹುಟ್ಟಿದ ಭಾಷೆ, ಪುಕ್ಕಟೆ ಸಿಗ್ತೈತಿ, ಬ್ರೌಸರ್‌ನಾಗೂ ಓಡ್ತೈತಿ. ಇದ್ರಾಗ ಎಲ್ಲಾನೂ ಡಬ್ಬಿ. ಡಬ್ಬಿಗೆ ಒಂದಿಷ್ಟು ಇನ್‌ಪುಟ್, ಒಂದಿಷ್ಟು ಔಟ್‌ಪುಟ್, ಡಬ್ಬಿ ಡಬ್ಬಿ ನಡುವ ವೈರ್ ಎಳಿಯೂದು ಬರೇ ಐದು ಚಿಹ್ನೆಯಿಂದ: ಕೋಲನ್ (:) ಅಂದ್ರ ಒಂದರ ಮುಂದ ಒಂದು, ಕಾಮಾ ಅಂದ್ರ ಪಕ್ಕ ಪಕ್ಕ, <: ಅಂದ್ರ ಹಂಚೂದು, :> ಅಂದ್ರ ಕೂಡ್ಸೂದು, ~ ಅಂದ್ರ ಹೊರಗ ಬಂದದ್ದನ್ನ ತಿರುಗಿ ಒಳಗ ಕಳ್ಸೂ ಲೂಪು. ಇನ್ನ ಡಬ್ಬಿಗಳು. _ ಅಂದ್ರ ಬರೇ ವೈರ್, + ಅಂದ್ರ ಎರಡು ಒಳಗ ಒಂದು ಹೊರಗ, *(0.5) ಅಂದ್ರ ವಾಲ್ಯೂಮ್ ಅರ್ಧ ಮಾಡೂ ಡಬ್ಬಿ, @(100) ಅಂದ್ರ 100 ಸ್ಯಾಂಪಲ್ ತಡ ಮಾಡೂ ಡಬ್ಬಿ (ಆವಾಜನ್ನ ಸೆಕೆಂಡಿಗೆ ಸಾವಿರಾರು ಸಲ ಅಳೀತಾರ, ಒಂದೊಂದು ಅಳತಿ ಒಂದು ಸ್ಯಾಂಪಲ್). ಪೂರಾ ಪ್ರೋಗ್ರಾಂ ಬರಿಯೂದಿಲ್ಲ, ವೈರಿಂಗ್ ಇರೋ ಭಾಗ ಅಷ್ಟ ಕೊಟ್ಟೇನಿ.

ಪ್ರಶ್ನೆ: ನಾನು ಹುಬ್ಬಳ್ಳ್ಯಾಗ ಇಂಜಿನಿಯರಿಂಗ್ ಓದ್ತೀನ್ರಿ ಸರ್. ನಮ್ಮಕ್ಕ ಧಾರವಾಡದಾಗ ಹಿಂದೂಸ್ತಾನಿ ಕಲೀತಾಳ, ಆಕಿ ರಿಯಾಜಿಗೆ ಅಂತ ಮೈಕಿಗೆ ಎಕೋ ಹಾಕೂ ಪ್ರೋಗ್ರಾಂ ಬರದೆ: + ~ @(22049) : *(0.5). 0.5 ಕೊಟ್ಟೇನಿ ಅಂದ್ರ ಪ್ರತಿ ಸಲ ಅರ್ಧ ಆಗಿ ನಿಲ್ಲಬೇಕಲ್ರಿ? ನಿಲ್ಲವಲ್ದು. ಅಕ್ಕ ಒಂದು ಸಾ ಹಚ್ಚಿ ಬಿಟ್ಲಂದ್ರ ಅದು ತಿರುಗ್ತಾನ ಇರ್ತೈತಿ, ಮ್ಯಾಲ ಮ್ಯಾಲ ಕೂಡಿ ಒಂದು ನಿಮಿಷದಾಗ ಕಿವಿ ಒಡಿಯೂ ಹಂಗ ಆಗ್ತೈತಿ. ಎರರ್ ಮಾತ್ರ ಒಂದೂ ಬರೂದಿಲ್ಲ. ಇನ್ನೊಂದು, 22049 ಅನ್ನೋದು ಗೆಳೆಯ ಹೇಳಿದ ನಂಬರು, 22050 ಯಾಕ ಅಲ್ಲ?

ಉತ್ತರ: ತಮ್ಮಾ, ಎರರ್ ಬರ್ಲಿಲ್ಲ ಅಂದ್ರ ಕಂಪೈಲರ್‌ಗೆ, ಅಂದ್ರ ನೀ ಬರದದ್ದನ್ನ ಕಂಪ್ಯೂಟರಿಗೆ ತಿಳಿಯೂ ಹಂಗ ಮಾಡೂ ಪ್ರೋಗ್ರಾಂಗೆ, ಅರ್ಥ ಆತು ಅಂತ ಅಷ್ಟ, ನಿನ್ನ ಮನಸಿನಾಗ ಇದ್ದದ್ದ ಅರ್ಥ ಆತು ಅಂತಲ್ಲ. ಸಾಲ್ಯಾಗ ಗುಣಾಕಾರ ಮೊದಲು, ಕೂಡ್ಸೂದು ಆಮ್ಯಾಲ ಅಂತ ಕಲ್ತೀಯಲ್ಲ, ಹಂಗ ಇಲ್ಲೂ ಪಾಳಿ ಐತಿ. ಎಲ್ಲಾಕಿಂತ ಗಟ್ಟಿ ಹಿಡಿಯೂದು ~, ಆಮ್ಯಾಲ ಕಾಮಾ, ಆಮ್ಯಾಲ ಕೋಲನ್, ಕಡೀಕ <: ಮತ್ತ :>. ಅಂದ್ರ ನೀ ಬರದ ಸಾಲನ್ನ ಕಂಪೈಲರ್ ಓದೂದು ಹಿಂಗ:

(+ ~ @(22049)) : *(0.5)

ನೋಡು, ಲೂಪಿನೊಳಗ ಇರೂದು ಬರೇ ತಡ ಮಾಡೂ ಡಬ್ಬಿ. 0.5 ಲೂಪಿನ ಹೊರಗ ಬಾಗಲದಾಗ ನಿಂತೈತಿ, ಹೊರಗ ಹೋಗೂ ಆವಾಜ್ ಅರ್ಧ ಮಾಡ್ತೈತಿ, ಒಳಗ ತಿರುಗೂದನ್ನ ಮುಟ್ಟೂದ ಇಲ್ಲ. ಒಳಗ ಗೇನ್, ಅಂದ್ರ ಪ್ರತಿ ಸುತ್ತಿಗೆ ಆವಾಜ್ ಎಷ್ಟು ಪಟ್ಟು ಆಗ್ತೈತಿ ಅನ್ನೂದು, ಪೂರಾ 1. ಹೋದದ್ದು ಹಂಗ ವಾಪಸ್, ಅದರ ಮ್ಯಾಲ ಅಕ್ಕನ ಹೊಸಾ ಸ್ವರ, ಅದೂ ವಾಪಸ್. ನಿಲ್ಲಬೇಕು ಅಂದ್ರ ಎಲ್ಲಿಂದ ನಿಲ್ಲಬೇಕು. ನಿನಗ ಬೇಕಾದದ್ದು ಇದು:

+ ~ (@(22049) : *(0.5))

ಒಂದ ಜೋಡಿ ಬ್ರಾಕೆಟ್. ಈಗ ಪ್ರತಿ ಸುತ್ತಿಗೆ ಅರ್ಧ, ಕಾಲು, ಅರೆಕಾಲು ಅಂತ ಇಳೀತೈತಿ, ಹತ್ತನೇ ಸುತ್ತಿಗೆ 1024ರಾಗ ಒಂದು ಪಾಲು, ಅಂದ್ರ ಸುಮಾರು 60 ಡೆಸಿಬೆಲ್ ಕೆಳಗ. ಸುತ್ತಿಗೆ ಅರ್ಧ ಸೆಕೆಂಡ್ ಅಂದ್ರ ಐದು ಸೆಕೆಂಡಿನಾಗ ಅಕ್ಕಗ ಕೇಳ್ಸೂದ ಇಲ್ಲ.

ನಾ ಹುಡುಗ ಇದ್ದಾಗ ನಮ್ಮ ಮಾವನ ಮೈಕ್ ಸೆಟ್ ಕೂಡ ಜಾತ್ರಿ ಜಾತ್ರಿ ತಿರುಗೇನಿ, ಒಮ್ಮೆ ಪುರಾಣ ಹೇಳೂವಾಗ ನಾನ ಹಾರ್ನ್ ಮೈಕಿನ ಕಡೆ ತಿರುಗ್ಸಿಟ್ಟು ಕಿಸೆದಾಗ ಕೈ ಹಾಕ್ಕೊಂಡು ಕುಂತಿದ್ದೆ, ಕುಂಯ್ ಅಂತ ಹತ್ತಿದ್ದಕ್ಕ ಮುಂದ ಕುಂತ ಮುದಕಿಯರೆಲ್ಲ ಕಿವಿ ಮುಚ್ಕೊಂಡ್ರು, ಮಾವ ಓಡಿ ಬಂದು ಆಂಪ್ಲಿಫೈಯರ್ ವಾಲ್ಯೂಮ್ ಇಳಿಸಿದ, ಆಮ್ಯಾಲ ನನ್ನ ಕಿವಿ ಹಿಂಡಿದ. ನಿನ್ನ ಪ್ರೋಗ್ರಾಂನಾಗ ಆದದ್ದು ಅದ ಜಾತಿದು. ಸುತ್ತು ಹೊಡೆಯೂ ದಾರ್‍ಯಾಗ ಗೇನ್ 1 ಮುಟ್ಟಿತು ಅಂದ್ರ ಕತಿ ಮುಗೀತು, ಸುತ್ತಿನ ಹೊರಗ ಎಷ್ಟು ಇಳಿಸಿದ್ರೂ ಒಳಗಿಂದು ಇಳಿಯಂಗಿಲ್ಲ.

ಈಗ 22049. ನಿನ್ನ ಗೆಳೆಯ ಶಾಣ್ಯಾ ಅದಾನ. ಸೆಕೆಂಡಿಗೆ 44100 ಸ್ಯಾಂಪಲ್ ಅಂದ್ರ ಅರ್ಧ ಸೆಕೆಂಡಿಗೆ 22050. ಆದ್ರ ~ ತಾನ ಒಂದು ಸ್ಯಾಂಪಲ್ ತಡ ಸೇರಸ್ತೈತಿ, ನೀ ಕೇಳ್ದಿದ್ರೂ. ಯಾಕ ಅಂದ್ರ + ಡಬ್ಬಿಗೆ ತನ್ನ ಈ ಕ್ಷಣದ ಔಟ್‌ಪುಟ್ಟ ಇನ್‌ಪುಟ್ ಆಗಿ ಬೇಕು ಅಂದ್ರ ಅದು ಇನ್ನೂ ಹುಟ್ಟೇ ಇಲ್ಲ, ಹುಟ್ಟಬೇಕಂದ್ರ ಇನ್‌ಪುಟ್ ಬೇಕು. ಹಿಂದಿನ ಸ್ಯಾಂಪಲ್ ಕೊಟ್ರ ಈ ಗಂಟು ಬಿಚ್ಚತೈತಿ. 22049ಕ್ಕ ಆ ಒಂದು ಕೂಡಿ 22050. ಅರ್ಧ ಸೆಕೆಂಡಿನ ಎಕೋದಾಗ ಒಂದು ಸ್ಯಾಂಪಲ್ ಹೆಚ್ಚು ಕಮ್ಮಿ ಯಾರ ಕಿವಿಗೂ ಹತ್ತೂದಿಲ್ಲ ಬಿಡು, ಆದ್ರ ಮುಂದ ತಂತಿ ಮೀಟಿದ ಸ್ವರ ಮಾಡಾಕ ಹೋದ್ರ ಲೂಪಿನ ಉದ್ದಾನ ಶ್ರುತಿ. 100 ಸ್ಯಾಂಪಲಿನ ಲೂಪು 441 ಹರ್ಟ್ಜ್, ಒಂದು ಹೆಚ್ಚಾಗಿ 101 ಆತಂದ್ರ ಸುಮಾರು 436.6. ಅಕ್ಕನ ಕೇಳು, ಶ್ರುತಿ ಇಳೀತು ಅಂತ ಆಕಿ ತಕ್ಷಣ ಹೇಳ್ತಾಳ. ಹಾಂ, ಲ್ಯಾಪ್‌ಟಾಪು 48000ದಾಗ ಓಡ್ತಿದ್ರ ಅದ ನಂಬರಿಗೆ ಅರ್ಧ ಸೆಕೆಂಡ್ ಅಲ್ಲ 0.46 ಸೆಕೆಂಡ್ ಬರ್ತೈತಿ, ಅದನ್ನೂ ನೋಡ್ಕೊ.

ಪ್ರಶ್ನೆ: ನಮಸ್ಕಾರ್ರಿ, ರಾಣೆಬೆನ್ನೂರಾಗ ನಮ್ದು ಸಣ್ಣದೊಂದು ಸೌಂಡ್ ಸಿಸ್ಟಮ್ ಐತಿ, ಮದುವಿ ಮುಂಜಿವಿಗೆ ಹಚ್ಚತೇವಿ. ಲೆಫ್ಟ್ ರೈಟ್ ಎರಡೂ ಕೂಡಿಸಿ ಒಂದ ಹಾರ್ನಿಗೆ ಕಳ್ಸಾಕ _, _ : *(0.5) ಅಂತ ಬರದೆ, ಎರಡಕ್ಕೂ ಒಂದಕ್ಕೂ ತಾಳೆ ಆಗಂಗಿಲ್ಲ ಅಂತ ಎರರ್. ಕೈಲೆ ವೈರ್ ಕೂಡ್ಸೂವಾಗ ಎಂದೂ ತ್ರಾಸಾಗಿಲ್ಲ, ಇಲ್ಲಿ ಯಾಕ?

ಉತ್ತರ: ಅಣ್ಣಾರ, ಕೋಲನ್ ಭಾಳ ಕಟ್ಟುನಿಟ್ಟಿನ ಮನಿಷಾ. ಎಡಗಡೆ ಎಷ್ಟು ವೈರ್ ಹೊರಗ ಬರ್ತಾವ, ಬಲಗಡೆ ಅಷ್ಟ ತೂತು ಇರಬೇಕು, ಒಂದು ಹೆಚ್ಚಿಲ್ಲ ಒಂದು ಕಮ್ಮಿಲ್ಲ. ನಿಮ್ಮಲ್ಲಿ ಎರಡು ಬಂದು ಒಂದರ ಮುಂದ ನಿಂತಾವ. ಕೂಡ್ಸೂ ಚಿಹ್ನೆ ಬ್ಯಾರೆ, :> ಅಂತ, ಹಾಲಿನ ಲಾಳಿಕಿ ಹಂಗ ಅಗಲದಿಂದ ಸಣ್ಣಕ್ಕ:

_, _ :> *(0.5)

ಒಂದು ತೂತಿಗೆ ಬಂದದ್ದನ್ನೆಲ್ಲ ಇದು ಕೂಡಸ್ತೈತಿ. ಬರೇ ಕೂಡಸ್ತೈತಿ, ಸರಾಸರಿ ಮಾಡೂದಿಲ್ಲ, ಹಿಂಗಾಗಿ 0.5 ಇಟ್ಟದ್ದು ಛಲೋ ಮಾಡೀರಿ. ಹಾಡಿನಾಗ ಡೋಲು, ದನಿ ಎರಡೂ ಕಡೆ ಒಂದ ಸಮ ಇರ್ತಾವ, ಕೂಡಿದ್ರ ಡಬಲ್ ಆಗಿ ಮಿತಿ ದಾಟಿ ಆವಾಜ್ ಹರೀತೈತಿ, ಆಮ್ಯಾಲ ಬೀಗರು ಹಾರ್ನ್ ಹೋಗೈತಿ ಅಂತ ನಿಮ್ಮ ಬಾಡಗಿ ಕಡಿತಾರ.

ಇದರ ಉಲ್ಟಾ <:, ಒಂದನ್ನ ಹಲವು ಕಡೆ ಹಂಚೂದು. ಒಂದು ಮೈಕು ಎರಡು ಬಾಕ್ಸಿಗೆ ಅಂದ್ರ _ <: _, _ ಅಷ್ಟ. ಆದ್ರ ಸ್ಟೀರಿಯೋನ ನಾಲ್ಕು ಬಾಕ್ಸಿಗೆ ಹಂಚೂವಾಗ ಹುಷಾರ್ರಿ. ಲೆಫ್ಟ್ ಲೆಫ್ಟ್ ರೈಟ್ ರೈಟ್ ಅಂತ ಬರ್ತೈತಿ ಅಂತ ತಿಳ್ಕೊಂಡಿರ್ತೀರಿ, ಬರೂದು ಲೆಫ್ಟ್ ರೈಟ್ ಲೆಫ್ಟ್ ರೈಟ್, ಪಂಕ್ತಿ ಮುಗದ ಮ್ಯಾಲ ಮತ್ತ ಮೊದಲಿಂದ ಬಡಿಸಿದಂಗ. ಮುಂದಿನ ಜೋಡಿ ಆದ ಮ್ಯಾಲ ಹಿಂದಿನ ಜೋಡಿ ಅಂತ ಪಿನ್ ಹಚ್ಚಿದ್ರ ತಾನ ಸರಿ ಬರ್ತೈತಿ. ಎರಡಕ್ಕ ಮೂರು ಬಾಕ್ಸ್ ಅಂದ್ರ ಮಾತ್ರ ಎರರ್ರ, ಸರಿಯಾಗಿ ಭಾಗ ಹೋಗಬೇಕು. ನೀವು ವೈರ್ ಎಣಿಸಿದವರು, ಇದು ನಿಮಗ ಒಂದು ಸಂಜಿ ಕೆಲಸ, ಕಂಪ್ಯೂಟರ್ ಓದಿದ ಹುಡುಗ್ರು ಎಣಸೂದಿಲ್ಲ ಅದಕ ಎಡವತಾರ.

ಪ್ರಶ್ನೆ: ನಾನು ಗದಗ ಕಡೆ ಸಾಲಿ ಟೀಚರು. ಪ್ಯೂರ್ ಡೇಟಾ ಅನ್ನೋ ಆಡಿಯೋ ಸಾಫ್ಟ್‌ವೇರ್‌ನಾಗ ಮೌಸಿನಿಂದ ವೈರ್ ಎಳದು ಮಕ್ಕಳಿಗೆ ತೋರ್ಸೂದು ಎಷ್ಟು ಹಗುರ ಐತಿ, ಇಷ್ಟೆಲ್ಲಾ ಚುಕ್ಕಿ ಕಾಮಾ ಯಾಕ ಬೇಕು? ಮತ್ತ ಅದ್ರಾಗ ಆವಾಜ್ ಬರ್ತಿರೂವಾಗನ ವೈರ್ ಕಿತ್ತು ಹಚ್ಚಬಹುದು, ಫೌಸ್ಟ್‌ನಾಗ ಆಗ್ತೈತೇನ್ರಿ?

ಉತ್ತರ: ಅಕ್ಕಾರ, ಮಕ್ಕಳಿಗೆ ಪ್ಯೂರ್ ಡೇಟಾನ ಇರಲಿ, ಮಿಲ್ಲರ್ ಪಕೆಟ್ ಮಾಡಿದ್ದು, ಕಣ್ಣಿಗೆ ಕಾಣ್ತೈತಿ, ನಾನೂ ಅದರಿಂದನ ಕಲ್ತದ್ದು. ಒಂದ ಒಂದು ಕಿರಿಕಿರಿ ನಿಮಗೂ ಆಗಿರಬೇಕು. ಒಂದು ಔಟ್‌ಲೆಟ್ಟಿಂದ ಎರಡು ಮೆಸೇಜ್ ವೈರ್ ಹೋದ್ರ ಯಾವದು ಮೊದಲು ಮುಟ್ಟತೈತಿ ಅನ್ನೂದು ನೀವು ಯಾವದನ್ನ ಮೊದಲು ಎಳದ್ರಿ ಅನ್ನೂದರ ಮ್ಯಾಲ ಹೋಗ್ತೈತಿ, ಮತ್ತ ಅದು ಪರದೆ ಮ್ಯಾಲ ಎಲ್ಲೂ ಕಾಣೂದಿಲ್ಲ. ನಿನ್ನೆ ಓಡಿದ್ದು ಇವತ್ತು ಒಂದು ವೈರ್ ಕಿತ್ತು ವಾಪಸ್ ಹಚ್ಚಿದ್ದಕ್ಕ ಕೆಡತೈತಿ, ಚಿತ್ರ ನೋಡಿದ್ರ ಹಂಗ ಐತಿ. ಅದಕ ಯಾವದು ಮೊದಲು ಅನ್ನೂದನ್ನ ಗಟ್ಟಿ ಮಾಡೂ ಟ್ರಿಗರ್ ಅನ್ನೋ ಡಬ್ಬಿ ನಡುವ ಇಡೂದು ರೂಢಿ. ಬರದ ಸಾಲಿನಾಗ ಇಂಥಾ ಗುಟ್ಟು ಇರೂದಿಲ್ಲ, ಇದ್ದದ್ದೆಲ್ಲ ಅಕ್ಷರದಾಗ ಐತಿ. ಚಿತ್ರ ಬೇಕಂದ್ರ ಫೌಸ್ಟ್ ತಾನ ಆ ಸಾಲಿಂದ ಡಬ್ಬಿ ವೈರ್ ಬಿಡಿಸಿ ಕೊಡ್ತೈತಿ, ಮ್ಯಾಲಿನ ಹುಬ್ಬಳ್ಳಿ ತಮ್ಮ ಆ ಚಿತ್ರ ಒಮ್ಮೆ ತಗದು ನೋಡಿದ್ರ 0.5 ಲೂಪಿನ ಹೊರಗ ಕುಂತದ್ದು ಅವಾಗ ಕಾಣತಿತ್ತು.

ಓಡೂವಾಗ ಕೀಳೂದು ಫೌಸ್ಟ್‌ನಾಗ ಆಗಂಗಿಲ್ಲ, ಕಂಪೈಲ್ ಆದ ಮ್ಯಾಲ ಸರ್ಕ್ಯೂಟ್ ಗಟ್ಟಿ. ಸ್ಲೈಡರ್ ಇಟ್ಟು ಸೊನ್ನೆಯಿಂದ ಗುಣಿಸಿ ಬಾಯಿ ಮುಚ್ಚಸಬಹುದು, ವೈರ್ ಇದ್ದ ಇರ್ತೈತಿ. ಬರದ ಭಾಷೆಯೊಳಗನ ಕಿತ್ತು ಹಚ್ಚೂದು ಬೇಕಂದ್ರ ಚಕ್ (ChucK) ಅನ್ನೋ ಆಡಿಯೋ ಭಾಷೆ ನೋಡ್ರಿ, ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಾಗ ಹುಟ್ಟಿದ್ದು, ಅದ್ರಾಗ => ಅಂದ್ರ ಹಚ್ಚೂದು, =< ಅಂದ್ರ ಕೀಳೂದು. ಮಕ್ಕಳು ಎರಡನೇದನ್ನ ಮೊದಲು ಕಲೀತಾವ.