ಕಿಸೆಯಲ್ಲೊಂದು ಚಾಕು ಇದ್ದರೆ ತಪ್ಪೇನು?

ಶಿರಸಿ ಕಡೆಯ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಅವರಿಗೆ ಮಡಚುವ ಚಾಕು ಕೂಡಿಡುವ ಹುಚ್ಚು. ಫ್ರಾನ್ಸಿನ ಒಪಿನೆಲ್, ಜಪಾನಿನ ಹಿಗೊನೊಕಾಮಿ, ಕೆಂಪು ಹಿಡಿಯ ಸ್ವಿಸ್ ಚಾಕು, ರಾಂಪುರದ್ದೊಂದು, ಎಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿವೆ. ದಿನಾ ಬೆಳಿಗ್ಗೆ ಒಂದನ್ನು ಆರಿಸಿ ಕಿಸೆಗೆ ಹಾಕಿಕೊಳ್ಳುತ್ತಾರೆ. "ಪೊಲೀಸರು ಹಿಡಿದರೆ ಬಿಡಿಸೋಕೆ ನಾನು ಬರೋದಿಲ್ಲ" ಅಂತ ಅವರ ಭಾವ ಹೇಳಿಬಿಟ್ಟಿದ್ದಾರೆ. ಮರ್ಯಾದಸ್ಥರು ಚಾಕು ಇಟ್ಟುಕೊಂಡು ಓಡಾಡ್ತಾರಾ ಅಂತ ಮನೆಯಲ್ಲೂ ಮಾತು. ಇದರ ಜೊತೆಗೆ ಇನ್ನೂ ಕೆಲವು ಪ್ರಶ್ನೆಗಳಿವೆ. ಒಪಿನೆಲ್‌ನ ಅಲಗು ಕಪ್ಪಾಗುತ್ತಿದೆ, ಉಜ್ಜಲೇ? ಮಳೆಗಾಲದಲ್ಲಿ ಅದು ತೆರೆಯುವುದೇ ಇಲ್ಲ, ಏನು ಮಾಡಲಿ? ಲಂಡನ್ನಿನಲ್ಲಿರುವ ತಂಗಿಯ ಮಗನಿಗೆ ಒಂದು ಕೊಡಬಹುದೇ?

ನಿಮ್ಮ ಭಾವನವರ ಹೆದರಿಕೆಯಿಂದಲೇ ಶುರುಮಾಡೋಣ. ನಾವು ವಕೀಲರಲ್ಲ, ಆದರೂ ಬರೆದಿಟ್ಟ ನಿಯಮವನ್ನು ಓದಲು ಬರುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಮಾಡಿದ ನಿಯಮಗಳು ಚಾಕುವನ್ನು ಆಯುಧದ ಪಟ್ಟಿಗೆ ಸೇರಿಸುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದಾಗ. ಅದರಲ್ಲೂ ಮನೆಗೆಲಸಕ್ಕೆ, ಕೃಷಿಗೆ, ಕಾರ್ಖಾನೆಗೆ ಅಂತಲೇ ಮಾಡಿದ್ದನ್ನು ಬಿಟ್ಟಿದ್ದಾರೆ. ಇಲ್ಲದಿದ್ದರೆ ಮಲೆನಾಡಿನ ಪ್ರತಿ ತೋಟದ ಮನೆಗೂ ಲೈಸೆನ್ಸ್ ಬೇಕಾಗುತ್ತಿತ್ತು. ನಿಮ್ಮ 8ನೇ ನಂಬರಿನ ಒಪಿನೆಲ್ ಅಲಗು ಎಂಟೂವರೆ ಸೆಂಟಿಮೀಟರ್, ಅಂದರೆ ಮೂರೂಕಾಲು ಇಂಚಿನ ಆಸುಪಾಸು.

ಹಾಗಂತ ಎಲ್ಲ ಕಡೆ ಒಂದೇ ಅಳತೆ ಅಂದುಕೊಳ್ಳಬೇಡಿ. ದೆಹಲಿಯಲ್ಲಿ 1980ರ ಅಧಿಸೂಚನೆಯೊಂದಿದೆ. ಬಟನ್ ಒತ್ತಿದರೆ ಚಿಮ್ಮುವ, ಸ್ಪ್ರಿಂಗ್ ಇರುವ, ಕಟಕಟ ಅಂತ ಹಲ್ಲಿನ ಮೇಲೆ ತೆರೆಯುವ ಚಾಕುಗಳ ಅಲಗು 7.62 ಸೆಂ.ಮೀ. ಉದ್ದ ಮತ್ತು 1.72 ಸೆಂ.ಮೀ. ಅಗಲ ಮುಟ್ಟಿದರೆ ಅಲ್ಲಿ ತೊಂದರೆ. ನಮ್ಮಲ್ಲೂ ನಿಷೇಧಾಜ್ಞೆ ಇರುವ ದಿನ, ಮೆಟ್ರೊ ನಿಲ್ದಾಣದ ತಪಾಸಣೆಯಲ್ಲಿ, ಕೋರ್ಟಿನ ಬಾಗಿಲಲ್ಲಿ ಕಿಸೆಯ ಚಾಕು ಸುಮ್ನೆ ತಲೆನೋವು. ಅಂಥ ದಿನ ಅದನ್ನು ಡಬ್ಬಿಯಲ್ಲೇ ಬಿಡಿ. ವಾದ ಮಾಡಿ ಗೆದ್ದರೂ ಬಸ್ಸು ತಪ್ಪಿರುತ್ತದೆ.

ರಾಂಪುರಿಯ ವಿಷಯದಲ್ಲಿ ನಮ್ಮ ಮಾತು ಖಡಾಖಂಡಿತ. ಅದು ಡಬ್ಬಿಗೆ ಸರಿ, ಕಿಸೆಗೆ ಬೇಡ. ಕುಶಲ ಕೆಲಸ ಅನ್ನುವುದರಲ್ಲಿ ಎರಡು ಮಾತಿಲ್ಲ. ಉತ್ತರ ಪ್ರದೇಶದ ಆ ಊರಿಗೆ ತನ್ನ ಚಾಕುವಿನ ಬಗ್ಗೆ ಎಷ್ಟು ಹೆಮ್ಮೆ ಅಂದರೆ, 2023ರಲ್ಲಿ ಸುಮಾರು 20 ಅಡಿಯ ಚಾಕುವೊಂದನ್ನು ಮಾಡಿಸಿ ವೃತ್ತದಲ್ಲಿ ನಿಲ್ಲಿಸಿದ್ದಾರೆ. ಆದರೆ ಹಿಂದಿ ಸಿನಿಮಾದ ಖಳರು ಅದನ್ನು ಬಿಚ್ಚಿ ಬಿಚ್ಚಿ ಅದಕ್ಕೊಂದು ಹೆಸರು ತಂದಿಟ್ಟಿದ್ದಾರೆ. ಮಾವಿನಕಾಯಿ ಹೆಚ್ಚಲು ನೀವು ಅದನ್ನು ತೆರೆದರೂ ಪಕ್ಕದವರು ಎದ್ದು ನಿಲ್ಲುತ್ತಾರೆ. ಕಾನೂನಿಗಿಂತ ಮೊದಲು ನೋಡಬೇಕಾದ್ದು ಇದನ್ನೇ. ದಿನಾ ಇಟ್ಟುಕೊಳ್ಳುವ ಚಾಕು ನೋಡಿದವರಿಗೆ ಕೆಲಸ ನೆನಪಾಗಬೇಕು, ಜಗಳ ಅಲ್ಲ.

ಮರ್ಯಾದಸ್ಥರ ಪ್ರಶ್ನೆಗೆ ಉತ್ತರ ನಿಮ್ಮ ಮನೆಯ ಅಟ್ಟದಲ್ಲೇ ಇರಬಹುದು. ಎಲೆ ಅಡಿಕೆ ಸಂಚಿಯೊಳಗೆ ಅಡಕತ್ತರಿ ಇಟ್ಟುಕೊಂಡು ಮದುವೆಮನೆಗೆ, ದೇವಸ್ಥಾನಕ್ಕೆ, ಪಂಚಾಯ್ತಿಕಟ್ಟೆಗೆ ಹೋಗುತ್ತಿದ್ದ ಅಜ್ಜ ಅಜ್ಜಿಯರಿಗೆ ಯಾರೂ ಗೂಂಡಾ ಅನ್ನಲಿಲ್ಲ, ಅಲ್ವಾ? ಕೊಡಗಿನ ಮದುಮಗ ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡೇ ಮಂಟಪಕ್ಕೆ ಬರುತ್ತಾನೆ. ಅಡಕತ್ತರಿ ದಿನದ ಕೆಲಸಕ್ಕೆ, ಪೀಚೆಕತ್ತಿ ಶೋಭೆಗೆ. ಎರಡೂ ನಮ್ಮವೇ.

ಹೆದರಿಕೆ ಒಂದು ವಸ್ತುವಿನ ಮೇಲೆ ಹೇಗೆ ಬಂದು ಕೂರುತ್ತದೆ ಅನ್ನುವುದಕ್ಕೆ ನಿಮ್ಮ ಡಬ್ಬಿಯಲ್ಲಿರುವ ಹಿಗೊನೊಕಾಮಿಯ ಕತೆ ನೋಡಿ. ಮಿಕಿ ಅನ್ನುವ ಊರಿನ ಕಮ್ಮಾರರು ಮಾಡುತ್ತಿದ್ದ ಸಾದಾ ಚಾಕು. ಮಡಚಿದ ತಗಡೇ ಹಿಡಿ. ಸ್ಪ್ರಿಂಗ್ ಇಲ್ಲ, ಬೀಗ ಇಲ್ಲ, ಹಿಂದೆ ಚಾಚಿದ ಸಣ್ಣ ನಾಲಗೆಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿಯಬೇಕು. ಜಪಾನಿನ ಶಾಲೆ ಮಕ್ಕಳು ಇದರಲ್ಲೇ ಪೆನ್ಸಿಲ್ ಚೂಪು ಮಾಡುತ್ತಿದ್ದರು. 1960ರಲ್ಲಿ ಸಮಾಜವಾದಿ ನಾಯಕ ಅಸಾನುಮಾ ಅವರನ್ನು 17 ವರ್ಷದ ಹುಡುಗನೊಬ್ಬ ವೇದಿಕೆಯ ಮೇಲೆಯೇ ಇರಿದು ಕೊಂದ. ಇರಿದದ್ದು ಕಿರುಗತ್ತಿಯಲ್ಲಿ. ಆದರೆ ಮಕ್ಕಳ ಕೈಗೆ ಚಾಕು ಕೊಡಬೇಡಿ ಅನ್ನುವ ಚಳವಳಿ ಎದ್ದಾಗ ಪೆನ್ಸಿಲ್ ಚಾಕುವೂ ಹೋಯಿತು. ಊರು ತುಂಬ ಇದ್ದ ತಯಾರಕರು ಒಬ್ಬೊಬ್ಬರಾಗಿ ಕೆಲಸ ಬಿಟ್ಟರು.

ಇನ್ನು ಒಪಿನೆಲ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು. ಫ್ರಾನ್ಸಿನ ಸವೊಯ್ ಬೆಟ್ಟಸೀಮೆಯಲ್ಲಿ ಒಪಿನೆಲ್ ಮನೆತನದವರು ಕೊಡಲಿ, ಕತ್ತಿ ಬಡಿಯುವ ಕಮ್ಮಾರರು. ಆ ಮನೆಯ ಹುಡುಗ ಜೋಸೆಫ್ 1890ರಲ್ಲಿ ರೈತರಿಗಾಗಿ ಈ ಚಾಕು ಮಾಡಿದ. 1897ರ ಹೊತ್ತಿಗೆ 1ರಿಂದ 12ರವರೆಗೆ ಹನ್ನೆರಡು ಅಳತೆ. ಬೀಚ್ ಮರದ ಹಿಡಿ, ಅದರಲ್ಲೊಂದು ಸೀಳು, ಒಂದು ಮೊಳೆ, ಒಂದು ಅಲಗು. ತಿರುಗಿಸಿ ಬೀಗ ಹಾಕುವ ಬಳೆ ಬಂದದ್ದು 1955ರಲ್ಲಿ. ಅದು 6ನೇ ನಂಬರಿನಿಂದ ಮೇಲಿನವಕ್ಕೆ ಮಾತ್ರ.

ಸ್ಪ್ರಿಂಗ್ ಇಲ್ಲದ ಈ ಚಾಕುವಿನಲ್ಲಿ ಅಲಗನ್ನು ಹಿಡಿದಿಡುವುದು ಮರದ ಬಿಗಿತವೇ. ಬೇಸಿಗೆಯಲ್ಲಿ ಮರ ಒಣಗಿ ಸಡಿಲ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ ಬಿಗಿ. ನಿಮ್ಮ ಘಟ್ಟದ ಮಳೆಗೆ ಅದು ಉಬ್ಬದಿದ್ದರೇ ಆಶ್ಚರ್ಯ, ಬಾಗಿಲ ಚೌಕಟ್ಟೇ ಉಬ್ಬುವ ಊರು ನಿಮ್ಮದು! ಸವೊಯ್ ರೈತರು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಮೊದಲು ಬಳೆಯನ್ನು ತಿರುಗಿಸಿ ಬೀಗ ಬಿಡಿಸಿ. ಮಡಚಿದ ಚಾಕುವಿನ ಹಿಡಿಯ ಹಿಂತುದಿಯನ್ನು ಮೇಜಿಗೋ ಕಲ್ಲಿಗೋ ಟಕ್ಕನೆ ಕುಟ್ಟಿ. ಅಲಗಿನ ತುದಿ ತಾನಾಗಿ ಮೇಲೇಳುತ್ತದೆ. ಉಗುರಿನಲ್ಲಿ ಎಳೆದು ಒದ್ದಾಡಬೇಡಿ, ಬೆರಳು ಕುಯ್ಯುವುದು ಅಲ್ಲೇ. ಮಳೆ ಹಿಡಿಯುವ ಮೊದಲೇ ಹಿಡಿಗೆ, ಸೀಳಿನ ಒಳಗೆ ಎಣ್ಣೆ ಕುಡಿಸಿಟ್ಟರೆ ಉಬ್ಬುವುದು ಕಡಿಮೆ. ಹಿಡಿಯನ್ನು ಉಪ್ಪುಕಾಗದದಲ್ಲಿ ತಿಕ್ಕಿ ಸಣ್ಣ ಮಾಡುವ ಯೋಚನೆ ಬಿಡಿ. ಡಿಸೆಂಬರಿನಲ್ಲಿ ಅಲಗು ಗಡಗಡ ಅಲ್ಲಾಡುತ್ತದೆ.

ಕಪ್ಪಾದದ್ದಕ್ಕೆ ಕಾರಣ ಸರಳ. ನಿಮ್ಮದು ಕಾರ್ಬನ್ ಉಕ್ಕು, ಸ್ಟೇನ್‌ಲೆಸ್ ಅಲ್ಲ. ನಿಂಬೆಹಣ್ಣು, ಮಾವಿನಕಾಯಿ ಹುಳಿ, ಹಸಿ ಅಡಿಕೆಯ ಒಗರು ಎಲ್ಲ ಅದರ ಮೇಲೆ ಬಣ್ಣ ಬಿಡುತ್ತವೆ. ಆ ಬೂದು, ನೀಲಿ, ಕಪ್ಪು ಕಲೆಯನ್ನು ದಯವಿಟ್ಟು ಉಜ್ಜಬೇಡಿ. ಆ ಪದರವೇ ತುಕ್ಕನ್ನು ಒಂದಿಷ್ಟು ತಡೆಯುತ್ತದೆ. ಒರೆಸಿ ತೆಗೆಯಬೇಕಾದ್ದು ಕೆಂಪಗಿರುವುದನ್ನು, ಅದೇ ತುಕ್ಕು. ಹಣ್ಣು ಕುಯ್ದ ಮೇಲೆ ಪಂಚೆ ತುದಿಯಲ್ಲಾದರೂ ಸರಿ, ಒರೆಸಿಯೇ ಮಡಚಿ. ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಆಯಿತು. ಇಷ್ಟು ಉಪಚಾರ ಯಾಕೆ ಅಂತೀರಾ? ಈ ಉಕ್ಕನ್ನು ಮಸೆಯುವುದು ಸುಲಭ. ಮನೆಯ ಸಾಣೆಕಲ್ಲಿನಲ್ಲಿ ನಾಲ್ಕು ಸಲ ಎಳೆದರೆ ಹರಿತ ಬರುತ್ತದೆ.

ನಿಮ್ಮ ಪತ್ರದಲ್ಲಿ ನಮಗೆ ಒಪ್ಪಿಗೆಯಾಗದ್ದು ಒಂದೇ. ದಿನಕ್ಕೊಂದು ಚಾಕು ಬದಲಿಸುತ್ತೀರಿ. ಹೀಗಾದರೆ ಯಾವುದೂ ನಿಮ್ಮ ಕೈಗೆ ಪಳಗುವುದಿಲ್ಲ. ಯಾವುದು ಎಷ್ಟು ಒತ್ತಿದರೆ ಜಾರುತ್ತದೆ, ಅಲಗಿನ ಯಾವ ಜಾಗ ಮೊದಲು ಮೊಂಡಾಗುತ್ತದೆ ಅನ್ನುವುದು ಒಂದೇ ಚಾಕುವನ್ನು ತಿಂಗಳುಗಟ್ಟಲೆ ಬಳಸಿದವರಿಗೆ ಮಾತ್ರ ಗೊತ್ತು. ಕೂಡಿಡುವುದು ಒಂದು ಖುಷಿ, ಒಯ್ಯುವುದು ಬೇರೆಯೇ ಖುಷಿ. ಮೊದಲನೆಯದನ್ನು ಬಿಡಿ ಅನ್ನುವುದಿಲ್ಲ. ಈ ಮಳೆಗಾಲ ಪೂರ್ತಿ ಒಪಿನೆಲ್ ಒಂದನ್ನೇ ಇಟ್ಟುಕೊಂಡು ನೋಡಿ. ಬೀಜದ ಪೊಟ್ಟಣ, ಬಾಳೆನಾರು, ಹಲಸಿನ ತೊಳೆ, ಕೊರಿಯರ್ ಡಬ್ಬಿ, ಕೆಲಸಕ್ಕೇನು ಬರ?

ತಂಗಿಯ ಮಗನ ವಿಷಯದಲ್ಲಿ ಹುಷಾರು. ಬ್ರಿಟನ್ನಿನಲ್ಲಿ 1988ರ ಕಾಯ್ದೆ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕಾರಣ ಹೇಳದೆ ಇಟ್ಟುಕೊಳ್ಳಬಹುದಾದ್ದು ಮಡಚುವ ಚಾಕು ಮಾತ್ರ, ಅಲಗಿನ ಅಂಚು 3 ಇಂಚು ಮೀರಬಾರದು. ಬೀಗ ಬೀಳುವ ಚಾಕುವನ್ನು ಅಲ್ಲಿನ ನ್ಯಾಯಾಲಯ ಮಡಚುವ ಚಾಕು ಅಂತ ಒಪ್ಪುವುದಿಲ್ಲ. ಅಂದರೆ ಬಳೆ ಇರುವ 8ನೇ ನಂಬರು ಎರಡೂ ಲೆಕ್ಕದಲ್ಲಿ ತಪ್ಪು. ಬಳೆ ಇಲ್ಲದ 5ನೇ ನಂಬರಿನದನ್ನು ಕೊಡಿ, ಇಲ್ಲವೇ ಬೀಗವಿಲ್ಲದ ಸಣ್ಣ ಸ್ವಿಸ್ ಚಾಕು ಕೊಡಿ. ವಿಮಾನದಲ್ಲಿ ಒಯ್ಯುವಾಗ ಕೈಚೀಲದಲ್ಲಿ ಬೇಡ, ಚೆಕ್-ಇನ್ ಮಾಡುವ ಪೆಟ್ಟಿಗೆಯಲ್ಲಿ ಹಾಕಲು ಹೇಳಿ.

— ಸಂ.